ಕಟ್ ತಪ್ಪಿದವರ ಕಡೆಗೂ ನೋಡಿ

ಮಾನ್ಯ ಸಂಪಾದಕರೇ,

ದೇಶದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಟಿಐ ಟೂರ್‌ನಲ್ಲಿ ಆಡುವ ನಮ್ಮ ಹುಡುಗರಿಗೆ ಊರೂರು ತಿರುಗುವ ಖರ್ಚೇ ದೊಡ್ಡ ಹೊರೆಯಾಗಿದೆ. ಗೆದ್ದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಅದು ಸಂತೋಷವೇ. ಆದರೆ ಮೊದಲ ಎರಡು ದಿನ 36 ಹೋಲ್ ಆಡಿ ಕಟ್ ತಪ್ಪಿದವರಿಗೆ, ಅಂದರೆ ಮುಂದಿನ ಸುತ್ತಿಗೆ ಬೇಕಾದ ಸ್ಕೋರ್ ಬಾರದೆ ಹೊರಬಿದ್ದವರಿಗೆ, ಬಹುಮಾನದ ಹಣದಲ್ಲಿ ಪಾಲಿಲ್ಲ. ಪ್ರಯಾಣ, ರೂಮ್ ಬಾಡಿಗೆ, ಬ್ಯಾಗ್ ಹೊರುವ ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ ಹೋಗುತ್ತದೆ.

ಬೆಂಗಳೂರಿನಲ್ಲಿ ಒಮ್ಮೆ ಎರಡನೇ ದಿನದ ಸಂಜೆ ಒಬ್ಬ ಹುಡುಗನನ್ನು ಕಂಡೆ. ಭಾರದ ಬ್ಯಾಗನ್ನು ಗೋಡೆಗೆ ಒರಗಿಸಿ, ಫೋನ್‌ನಲ್ಲಿ ರಾತ್ರಿ ಬಸ್ಸಿಗೆ ಸೀಟು ಹುಡುಕುತ್ತಿದ್ದ. ಒಂದೇ ಒಂದು ಹೊಡೆತದಲ್ಲಿ ಕಟ್ ತಪ್ಪಿತ್ತಂತೆ. ಆ ಮುಖ ಇನ್ನೂ ಮರೆತಿಲ್ಲ.

ಇದು ಸಿರಿವಂತರ ಆಟ, ಸಹಾಯ ಯಾಕೆ ಅನ್ನುವವರು ಜಾಸ್ತಿ. ಆದರೆ ಬಿಡದಿ ಬಳಿಯ ಗಾಲ್ಫ್ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಚಿಕ್ಕರಂಗಪ್ಪ ಇದೇ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದಿದ್ದಾರೆ, ಅಲ್ವಾ? 2023ರಲ್ಲಿ ಇಲ್ಲಿ ಅಗ್ರಸ್ಥಾನ ಪಡೆದ ಓಂ ಪ್ರಕಾಶ್ ಚೌಹಾಣ್‌ಗೆ ಯುರೋಪಿನ ದೊಡ್ಡ ಗಾಲ್ಫ್ ಸರಣಿಯಾದ ಡಿಪಿ ವರ್ಲ್ಡ್ ಟೂರ್‌ನ ಬಾಗಿಲು ತೆರೆಯಿತು.

ರಾಜ್ಯದ ಕಂಪನಿಗಳು ತಲಾ ಇಬ್ಬರು ಆಟಗಾರರ ಒಂದು ವರ್ಷದ ಪ್ರಯಾಣ ಮತ್ತು ವಸತಿಯ ಖರ್ಚನ್ನಾದರೂ ವಹಿಸಿಕೊಳ್ಳಲಿ.

– ಒಬ್ಬ ಓದುಗ, ಬೆಂಗಳೂರು