ಅಂಧರ ಓದುವ ಸಾಧನಕ್ಕೆ ವೈಫೈ ಸಿಗದಿದ್ದರೆ

ಸಂಪಾದಕರಿಗೆ,

ಅಂಧ ವಿದ್ಯಾರ್ಥಿಯ ಡೇಸಿ ಪ್ಲೇಯರ್ (ಪುಸ್ತಕವನ್ನು ಓದಿ ಕೇಳಿಸುವ ಸಾಧನ) ಅಥವಾ ಬ್ರೈಲ್ ನೋಟ್‌ಟೇಕರ್ (ಬ್ರೈಲ್ ಕೀಲಿಗಳಿಂದ ಬರೆಯುವ, ಓದುವ ಸಾಧನ) ವೈಫೈ ಹಿಡಿಯಲಿಲ್ಲವೆಂದರೆ ಮನೆಯವರು ಮೊದಲು ಮಾಡುವ ಕೆಲಸ ಅದನ್ನು ರಿಪೇರಿಗೆ ಬೆಂಗಳೂರಿಗೆ ಕಳಿಸುವುದು. ಅದು ಮರಳಿ ಬರುವವರೆಗೆ ಓದು ನಿಂತೇ ಹೋಗುತ್ತದೆ. ದೇಶದ ಅಂಧರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ‘ಸುಗಮ್ಯ ಪುಸ್ತಕಾಲಯ’ದಿಂದ ಪುಸ್ತಕ ಇಳಿಸಿಕೊಳ್ಳುವುದಕ್ಕೂ ನೆಟ್ ಬೇಕೇ ಬೇಕು. ಹೀಗೆ ಕಳಿಸಿದ ಎಷ್ಟೋ ಸಾಧನಗಳಲ್ಲಿ ದೋಷವೇ ಇರುವುದಿಲ್ಲ. ದೋಷ ರೌಟರ್‌ನ ಸೆಟ್ಟಿಂಗ್‌ನಲ್ಲಿರುತ್ತದೆ.

ಹಳೆಯ ಪ್ಲೇಯರ್‌ಗಳು 2.4 ಗಿಗಾಹರ್ಟ್ಸ್ ಸಿಗ್ನಲ್ ಮಾತ್ರ ಹಿಡಿಯುತ್ತವೆ. ಈಗಿನ ಫೈಬರ್ ರೌಟರ್‌ಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುವುದರಿಂದ ಇಂಥ ಸಾಧನ ಕೆಲವೊಮ್ಮೆ ಸೇರಲಾರದೆ ಒದ್ದಾಡುತ್ತದೆ. ವೈಫೈ ಭದ್ರತೆಯ ಹೊಸ ವಿಧಾನವಾದ ಡಬ್ಲ್ಯುಪಿಎ3 ಮಾತ್ರ ಎಂದು ಸೆಟ್ ಆಗಿದ್ದರಂತೂ ನೆಟ್‌ವರ್ಕ್ ಹೆಸರು ಕೇಳಿಸಿದರೂ ಸೇರಲಾಗದು. ಪರಿಹಾರ ಕಷ್ಟದ್ದಲ್ಲ. ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ ಪುಟ (ಹಲವು ರೌಟರ್‌ಗಳಲ್ಲಿ 192.168.1.1) ತೆರೆದು ಬೇರೆ ಹೆಸರಿನ ಗೆಸ್ಟ್ ನೆಟ್‌ವರ್ಕ್ (ಅದೇ ರೌಟರ್‌ನ ಎರಡನೇ ವೈಫೈ) ಮಾಡಿ, 2.4 ಮಾತ್ರ ಆರಿಸಿ, ಭದ್ರತೆಗೆ ಡಬ್ಲ್ಯುಪಿಎ2 ಎಇಎಸ್ ಇಡಿ. ಚಾನೆಲ್ 1, 6, 11ರಲ್ಲಿ ಒಂದಿರಲಿ. ಕಲ್ಲುಗೋಡೆಯ, ಚಪ್ಪಡಿ ಹೊದಿಸಿದ ನಮ್ಮ ಕಡೆಯ ಮನೆಗಳಲ್ಲಿ ಒಳಕೋಣೆಗೆ ತಲುಪುವುದೂ 5ಕ್ಕಿಂತ 2.4ವೇ. ಐಫೋನ್ 12 ಅಥವಾ ನಂತರದ್ದರಿಂದ ಹಾಟ್‌ಸ್ಪಾಟ್ ಕೊಡುವವರು ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಾದರೆ ಹಾಟ್‌ಸ್ಪಾಟ್ ಬ್ಯಾಂಡ್ 2.4ಕ್ಕೆ ಬದಲಿಸಿದರೆ ಸಾಕು.

ಪಾಸ್‌ವರ್ಡ್‌ನಲ್ಲಿ ಆಗುವ ತಪ್ಪು ಇದಕ್ಕಿಂತ ಸೂಕ್ಷ್ಮ. ಭಾರತಿ ಬ್ರೈಲ್ (ಭಾರತೀಯ ಭಾಷೆಗಳ ಬ್ರೈಲ್) ಕಲಿತ ಮಕ್ಕಳಿಗೆ ಅಂಕಿ ಬರೆಯುವ ಮೊದಲು ಕೋಶದ ಆರು ಚುಕ್ಕಿಗಳಲ್ಲಿ 3-4-5-6 ಚುಕ್ಕಿಗಳ ಸಂಖ್ಯಾ ಚಿಹ್ನೆ ಒತ್ತುವುದು ರೂಢಿ. ಆದರೆ ಬಹಳಷ್ಟು ನೋಟ್‌ಟೇಕರ್‌ಗಳು ಪಾಸ್‌ವರ್ಡನ್ನು ಕಂಪ್ಯೂಟರ್ ಬ್ರೈಲ್‌ನಲ್ಲಿ (ಒಂದೊಂದು ಕೀಬೋರ್ಡ್ ಚಿಹ್ನೆಗೂ ಒಂದೊಂದು ಕೋಶವಿರುವ ಬ್ರೈಲ್) ಕೇಳುತ್ತವೆ. ಅಲ್ಲಿ 3-4-5-6 ಒತ್ತಿದರೆ ಹ್ಯಾಶ್ ಚಿಹ್ನೆ ಬೀಳುತ್ತದೆ, ಹಿಂದೆಯೇ 1 ಎಂದು ಒತ್ತಿದ್ದು ಇಂಗ್ಲಿಷಿನ ‘ಎ’ ಆಗುತ್ತದೆ. ಕಂಪ್ಯೂಟರ್ ಬ್ರೈಲ್‌ನಲ್ಲಿ ಅಂಕಿಗಳು ಕೋಶದ ಕೆಳಭಾಗದಲ್ಲಿರುತ್ತವೆ: 1ಕ್ಕೆ 2ನೇ ಚುಕ್ಕಿ, 2ಕ್ಕೆ 2-3, 3ಕ್ಕೆ 2-5. ಮಗು ಹತ್ತು ಸಲ ಸರಿಯಾಗಿಯೇ ಒತ್ತಿದರೂ ಸಾಧನ ಹತ್ತು ಸಲವೂ ‘ತಪ್ಪು’ ಎನ್ನುತ್ತದೆ. ಪಕ್ಕದಲ್ಲಿ ಕುಳಿತ ಶಿಕ್ಷಕರಿಗೆ ಕಾರಣ ಹೊಳೆಯುವುದಿಲ್ಲ, ಮಗುವಿಗೆ ತನ್ನ ಬ್ರೈಲ್ ಮೇಲೇ ಅನುಮಾನ ಹುಟ್ಟುತ್ತದೆ. ಇದು ಆಗಬಾರದು. ಇನ್ನು ಅಂಕಿ ಕೀಲಿಗಳ ಪ್ಲೇಯರ್‌ನಲ್ಲಿ ಹಳೆಯ ಕೀಪ್ಯಾಡ್ ಫೋನಿನ ಹಾಗೆ ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತಬೇಕು. ದೊಡ್ಡಕ್ಷರ, ವಿಶೇಷ ಚಿಹ್ನೆ ಇದ್ದರೆ ಗೋಳು. ಗೆಸ್ಟ್ ನೆಟ್‌ವರ್ಕ್‌ಗೆ ಬರೀ ಅಂಕಿಗಳ, 12 ಸ್ಥಾನದ ಪಾಸ್‌ವರ್ಡ್ ಕೊಡಿ. ಆದರೆ ಯಾರದೇ ಮೊಬೈಲ್ ನಂಬರ್ ಬೇಡ.

ಸೇರಿದೆ, ಆದರೂ ಪುಸ್ತಕ ಇಳಿಯುತ್ತಿಲ್ಲ ಎನ್ನುವವರು ಮೊದಲು ದಿನಾಂಕ ಕೇಳಿಸಿಕೊಳ್ಳಲಿ. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದ ಸಾಧನ ಹಳೆಯ ವರ್ಷಕ್ಕೆ ಹೋಗಿದ್ದರೆ ಸುರಕ್ಷಿತ ತಾಣಗಳು ಅದರ ಸಂಪರ್ಕವನ್ನು ಒಪ್ಪುವುದಿಲ್ಲ. ದಿನಾಂಕ ಸರಿಯಿದ್ದರೆ ತೊಡಕು ಲಾಗಿನ್ ಪುಟದ್ದಿರಬಹುದು. ಕಾಲೇಜು, ಗ್ರಂಥಾಲಯ, ರೈಲು ನಿಲ್ದಾಣಗಳ ವೈಫೈ ಮೊಬೈಲ್ ನಂಬರ್, ಒಟಿಪಿ ಕೇಳುವ ಪುಟ ತೋರಿಸುತ್ತದೆ. ಬ್ರೌಸರ್ ಇಲ್ಲದ ಪ್ಲೇಯರ್‌ಗೆ ಆ ಪುಟ ತೆರೆಯುವ ದಾರಿಯೇ ಇಲ್ಲ. ಸಾಧನದ ಮಾಹಿತಿ ಮೆನುವಿನಲ್ಲಿರುವ 12 ಅಕ್ಷರದ ಮ್ಯಾಕ್ ವಿಳಾಸವನ್ನು (ಸಾಧನದ ಗುರುತಿನ ಸಂಖ್ಯೆ) ನೆಟ್‌ವರ್ಕ್ ನೋಡಿಕೊಳ್ಳುವವರು ವಿನಾಯಿತಿ ಪಟ್ಟಿಗೆ ಸೇರಿಸಿದರೆ ಲಾಗಿನ್ ಇಲ್ಲದೆಯೇ ನೆಟ್ ಬರುತ್ತದೆ. ಐದು ನಿಮಿಷದ ಕೆಲಸ. ಕೋಲಾರ ಜಿಲ್ಲೆಯ ಕಾಲೇಜುಗಳು, ತಾಲ್ಲೂಕು ಗ್ರಂಥಾಲಯಗಳು, ಪಂಚಾಯಿತಿಗಳ ಅರಿವು ಕೇಂದ್ರಗಳು ವೈಫೈ ಕೊಡುವಲ್ಲೆಲ್ಲ ಇದನ್ನು ಮಾಡಿಕೊಡಬೇಕು.

ಬ್ರೈಲ್ ಡಿಸ್‌ಪ್ಲೇಯನ್ನು (ಪರದೆಯ ಅಕ್ಷರಗಳನ್ನು ಉಬ್ಬು ಚುಕ್ಕಿಗಳಲ್ಲಿ ಮೂಡಿಸುವ ಸಾಧನ) ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸಿದವರು ಒಂದು ಗಮನಿಸಿ: ಬ್ಲೂಟೂತ್ ಕೂಡ 2.4ರಲ್ಲೇ ಓಡುತ್ತದೆ. ಡೌನ್‌ಲೋಡ್ ನಡೆಯುವಾಗ ಅಕ್ಷರ ತಡವಾಗಿ ಮೂಡಿದರೆ ಫೋನಿನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಇಲ್ಲವೇ ಡಿಸ್‌ಪ್ಲೇಗೆ ಯುಎಸ್‌ಬಿ ಕೇಬಲ್ ಹಾಕಿ.

ಕೊನೆಯದು ಇಂಟರ್‌ನೆಟ್ ಕಂಪನಿಗಳ ಸಹಾಯವಾಣಿಗೆ. ದೂರು ಕೊಡಲು ಕರೆ ಮಾಡಿದ ಅಂಧ ಗ್ರಾಹಕರನ್ನು ‘ಕೆಂಪು ಲೈಟ್ ಮಿನುಗುತ್ತಿದೆಯಾ ನೋಡಿ’ ಎಂದು ಕೇಳಿ, ಉತ್ತರ ಬಾರದಿದ್ದರೆ ‘ಮನೆಯಲ್ಲಿ ಯಾರಾದರೂ ಇದ್ದಾಗ ಮಾಡಿ’ ಎನ್ನುವುದು ನಿಲ್ಲಲಿ. ಲೈಟ್ ನೋಡದೆಯೂ ದೋಷ ಎಲ್ಲಿದೆಯೆಂದು ಪತ್ತೆಹಚ್ಚಬಹುದು. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಇರುವ ಕಂಪ್ಯೂಟರ್‌ನಲ್ಲಿ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ‘ಸಿಎಂಡಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಕೊಡಿ. ‘ಐಪಿಕಾನ್ಫಿಗ್’ ಆಜ್ಞೆಗೆ 169.254ರಿಂದ ಶುರುವಾಗುವ ವಿಳಾಸ ಓದಿದರೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲವೆಂದರ್ಥ. ರೌಟರನ್ನು ಅರ್ಧ ನಿಮಿಷ ಆಫ್ ಮಾಡಿ ಮತ್ತೆ ಹಾಕಿ. ವಿಳಾಸ ಸರಿಯಿದ್ದರೆ ‘ಪಿಂಗ್’ ಆಜ್ಞೆಯಿಂದ ಮೊದಲು ರೌಟರ್‌ನ ವಿಳಾಸಕ್ಕೆ (ಉದಾಹರಣೆಗೆ 192.168.1.1), ಬಳಿಕ ಹೊರಗಿನ ಇಂಟರ್‌ನೆಟ್ ವಿಳಾಸವಾದ 8.8.8.8ಕ್ಕೆ ಕರೆ ಕೊಟ್ಟು ನೋಡಿ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ಮನೆಯೊಳಗಿನ ವೈಫೈ ಸರಿಯಿದೆ, ತೊಂದರೆ ರೌಟರ್‌ನಿಂದ ಆಚೆಗಿದೆ. ಗ್ರಾಹಕರು ಇಷ್ಟು ಹೇಳಿದರೆ ಸಹಾಯವಾಣಿಯವರು ಲೈಟಿನ ಬಣ್ಣ ಕೇಳದೆ ದೂರು ದಾಖಲಿಸಿ ಲೈನ್‌ಮನ್ ಕಳಿಸಬೇಕು.

– ಅಂಧರಿಗೆ ಬ್ರೈಲ್ ಮತ್ತು ಕಂಪ್ಯೂಟರ್ ಕಲಿಸುವ ಶಿಕ್ಷಕರು, ಕೋಲಾರ