ಸಣ್ಣ ಕೈಗಳಿಗಾಗಿ ಬೇಸ್ ಗಿಟಾರ್ ತಯಾರಿಸುವ ಸದಸ್ಯರ ಗಮನಕ್ಕೆ

ಸದಸ್ಯರಲ್ಲಿ ವಿನಂತಿ. ಸಣ್ಣ ಕೈಯವರಿಗಾಗಿ ಬೇಸ್ ಗಿಟಾರ್ ಮಾಡಲು ಹೊರಟವರು ಮರ ಕೊಯ್ಯುವ ಮುನ್ನವೇ ಸ್ಕೇಲನ್ನು, ಅಂದರೆ ತಂತಿ ಕಂಪಿಸುವ ಉದ್ದವನ್ನು, ನಿರ್ಧರಿಸಿಕೊಳ್ಳಬೇಕು. 1951ರ ಫೆಂಡರ್ ಪ್ರಿಸಿಷನ್ ಬೇಸಿನಿಂದ ರೂಢಿಗೆ ಬಂದ 34 ಅಂಗುಲದ ಸ್ಕೇಲಿಗೆ ಬದಲಾಗಿ 30 ಅಂಗುಲ ಇಟ್ಟುಕೊಂಡರೆ, ಮೊದಲ ಫ್ರೆಟ್ಟಿನಿಂದ (ಕತ್ತಿಗೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿ) ನಾಲ್ಕನೆಯದಕ್ಕೆ ಬೆರಳು ಚಾಚುವ ದೂರ ಸುಮಾರು 130 ಮಿ.ಮೀ.ನಿಂದ 114 ಮಿ.ಮೀ.ಗೆ ಇಳಿಯುತ್ತದೆ. ಕತ್ತಿನ ಅಗಲವನ್ನೂ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ 38 ಮಿ.ಮೀ. ಆಸುಪಾಸಿನಲ್ಲೇ ಇಡುವುದು ಒಳ್ಳೆಯದು.

ಆದರೆ ಅದೇ ತಂತಿಯನ್ನು ಅದೇ ಶ್ರುತಿಗೆ ಕೂಡಿಸಿದಾಗ ಬಿಗಿತ ಸುಮಾರು ಶೇ. 22ರಷ್ಟು ತಗ್ಗುವುದರಿಂದ, ಅತಿ ತಗ್ಗಿನ ಸ್ವರದ ಇ ತಂತಿ ಸಡಿಲವಾಗಿ ಫ್ರೆಟ್ಟುಗಳಿಗೆ ಬಡಿಯತೊಡಗುತ್ತದೆ. ಉದ್ದ ತಂತಿಯನ್ನು ಕತ್ತರಿಸಿ ಹಾಕುವ ಬದಲು, ಶಾರ್ಟ್ ಸ್ಕೇಲಿಗೆಂದೇ ಬರುವ, ತುಸು ದಪ್ಪನೆಯ ತಂತಿಗಳನ್ನು ಕೊಳ್ಳಿರಿ.

ಫ್ರೆಟ್‌ಲೆಸ್, ಅಂದರೆ ಫ್ರೆಟ್ಟುಗಳಿಲ್ಲದ ಬೇಸ್, ಮಾಡುವವರು ಇನ್ನೊಂದು ಅಂಶವನ್ನು ಮರೆಯಬಾರದು. ಇಲ್ಲಿ ಬೆರಳು ಫ್ರೆಟ್ಟಿನ ಹಿಂದೆ ಅಲ್ಲ, ಫ್ರೆಟ್ ಇರಬೇಕಾದ ಗೆರೆಯ ಮೇಲೆಯೇ ಕೂರಬೇಕಾದ್ದರಿಂದ, ಕತ್ತಿನ ಬದಿಯಲ್ಲಿ ಸ್ಥಾನ ತೋರುವ ಚುಕ್ಕೆಗಳನ್ನೂ ಆ ಗೆರೆಯ ನೇರಕ್ಕೇ ಕೂರಿಸಬೇಕು. ಸ್ಕೇಲ್ ಗಿಡ್ಡವಾದಷ್ಟೂ ಒಂದು ಮಿ.ಮೀ. ತಪ್ಪು ಕಿವಿಗೆ ಹೆಚ್ಚು ಕೇಳಿಸುವುದರಿಂದ, ಕಲಿಯುವವರಿಗೆ ಬಿಳಿ ಮರದ ತೆಳು ಪಟ್ಟಿಯಿಂದ ಗೆರೆಗಳನ್ನು ಕೂರಿಸಿಕೊಡಿ. ಗೆರೆ ಇದ್ದರೆ ಅವಮಾನವೆನ್ನುವವರ ಬಿಂಕ ನನಗಂತೂ ಒಪ್ಪಿಗೆಯಿಲ್ಲ. ನಮ್ಮ ಬೀಟೆ ಮರದ ಫಿಂಗರ್‌ಬೋರ್ಡ್ (ಬೆರಳೊತ್ತುವ ಹಲಗೆ) ಚೆನ್ನಾಗಿಯೇ ಬಾಳುತ್ತದಾದರೂ, ರೌಂಡ್‌ವೌಂಡ್ (ದುಂಡು ಎಳೆ ಸುತ್ತಿದ, ಒರಟು ಮೈಯ) ತಂತಿಗಳು ಅದನ್ನು ಅರದಂತೆ ಸವೆಸುತ್ತವೆ. ಫ್ರೆಟ್‌ಲೆಸ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ ಬೇಸಿನ ಫಿಂಗರ್‌ಬೋರ್ಡಿಗೆ ಎಪಾಕ್ಸಿ (ಗಟ್ಟಿಯಾಗುವ ರಾಳ) ಲೇಪಿಸಿದ್ದು ಇದೇ ಕಾರಣಕ್ಕೆ. ಅಷ್ಟು ಶ್ರಮ ಬೇಡವೆನ್ನುವವರು ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ನುಣುಪು ಮೈಯ) ತಂತಿ ಹಾಕಿಕೊಳ್ಳಬಹುದು.