ಗುಂಡಿಗೆ ಇಳಿಯುವವರು ಯಾರು?

ಮಾನ್ಯ ಸಂಪಾದಕರೇ,

ನಾಗರಿಕ ಸಮಾಜದ ಲಕ್ಷಣ ಯಾವುದು ಎಂಬ ಮಾತು ಬಂದಾಗಲೆಲ್ಲ ಸಿಂಗಪುರದ ರಸ್ತೆ, ಜಪಾನಿನ ರೈಲು ನಿಲ್ದಾಣಗಳ ಉದಾಹರಣೆ ಬಂದೇ ಬರುತ್ತದೆ. ವಿದೇಶ ಪ್ರವಾಸ ಮುಗಿಸಿ ಬಂದವರು ಅಲ್ಲಿ ಒಂದು ಕಾಗದದ ಚೂರೂ ಕಾಣಲಿಲ್ಲವೆಂದು ಬೆರಗಿನಿಂದ ಹೇಳಿ, ನಮ್ಮ ಜನಕ್ಕೆ ಎಂದು ಬುದ್ಧಿ ಬರುತ್ತದೋ ಎಂದು ನಿಟ್ಟುಸಿರು ಬಿಡುತ್ತಾರೆ. ಅವರ ಕಳಕಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀದಿ ಎಷ್ಟು ಚೊಕ್ಕಟವಾಗಿದೆ ಎಂದು ನೋಡುವ ಮೊದಲು ನಮ್ಮ ಮನೆಯ ಶೌಚಗುಂಡಿಯನ್ನು ಯಾರು, ಹೇಗೆ ಖಾಲಿ ಮಾಡುತ್ತಿದ್ದಾರೆ ಎಂದು ವಿಚಾರಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಒಂದು ಸಮಾಜ ಎಷ್ಟು ನಾಗರಿಕವಾಗಿದೆ ಎಂಬುದು ಅಲ್ಲಿ ತಿಳಿಯುವಷ್ಟು ನಿಚ್ಚಳವಾಗಿ ಬೇರೆಲ್ಲೂ ತಿಳಿಯುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಚರಿತ್ರೆಯೂ ಇದೆ, ತಲೆ ತಗ್ಗಿಸುವ ಚರಿತ್ರೆಯೂ ಇದೆ. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ 1970ರ ದಶಕದಲ್ಲಿಯೇ ನಿಷೇಧ ಹೇರಿದವರು ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಮುಂದೆ ಇಡೀ ದೇಶದಲ್ಲಿ ಈ ಪದ್ಧತಿಯ ವಿರುದ್ಧ ಹೋರಾಟ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಅವರು ಹುಟ್ಟಿ ಬೆಳೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಅದೂ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಬಸವಲಿಂಗಪ್ಪನವರ ಆದೇಶ ಬಂದು ಮೂರು ದಶಕ ಕಳೆದ ಮೇಲೂ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಭಂಗಿ ಸಮುದಾಯದವರು ತಾವು ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಅಹವಾಲು ಕೇಳಿಸಲು ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ ಎಂದೇ ಅದರ ಅರ್ಥ.

ಕಾನೂನಿಗೇನೂ ಕೊರತೆಯಿಲ್ಲ. 1993ರಲ್ಲಿ ಒಂದು ಕಾಯ್ದೆ ಬಂದಿತು. ಅದು ಸಾಲದೆಂದು 2013ರಲ್ಲಿ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ (ಕೈಯಿಂದ ಮಲ ಬಾಚುವವರ) ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ ಬಂದಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಈ ಕೆಲಸವನ್ನು ಸಂಪೂರ್ಣ ನಿಲ್ಲಿಸಬೇಕೆಂದು ಮತ್ತೊಮ್ಮೆ ಆದೇಶಿಸಬೇಕಾಯಿತು. ಒಮ್ಮೆ ನಿಷೇಧಿಸಿದ್ದನ್ನು ಮತ್ತೆ ಮತ್ತೆ ನಿಷೇಧಿಸಬೇಕಾಗಿ ಬಂದರೆ ಮೊದಲ ನಿಷೇಧವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲವೆಂದೇ ತಿಳಿಯಬೇಕು.

ಲೆಕ್ಕದ ಮಾತು ಬಂದುದರಿಂದ ಒಂದು ಚಮತ್ಕಾರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2013 ಮತ್ತು 2018ರ ಸಮೀಕ್ಷೆಗಳಲ್ಲಿ ಕೈಯಿಂದ ಮಲ ಬಾಚುವ 58,098 ಮಂದಿಯನ್ನು ಗುರುತಿಸಲಾಗಿದೆಯೆಂದೂ ಈಗ ಆ ಪದ್ಧತಿ ದೇಶದಲ್ಲಿ ಉಳಿದಿಲ್ಲವೆಂದೂ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳುತ್ತ ಬಂದಿದೆ. ಮ್ಯಾನ್‌ಹೋಲ್ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಸತ್ತವರನ್ನು ‘ಅಪಾಯಕಾರಿ ಶುಚಿಗೊಳಿಸುವಿಕೆ’ ಎಂಬ ಬೇರೆಯೇ ಶೀರ್ಷಿಕೆಯಡಿ ಎಣಿಸಲಾಗುತ್ತದೆ. ಹೀಗಾಗಿ ಪದ್ಧತಿ ಕಾಗದದ ಮೇಲೆ ಅಳಿದಿದೆ, ಸಾವು ಮಾತ್ರ ನಿಂತಿಲ್ಲ.

ಇಷ್ಟಕ್ಕೆಲ್ಲ ಅಧಿಕಾರಿಗಳನ್ನೋ ಗುತ್ತಿಗೆದಾರರನ್ನೋ ದೂರಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಒಳಚರಂಡಿ ಇನ್ನೂ ಬಾರದ ಹೊಸ ಬಡಾವಣೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸುವುದನ್ನು ಹತ್ತಿರದಿಂದ ನೋಡಿದವರಿಗೆ ವಿಷಯ ಬೇರೆಯೇ ಎಂದು ಗೊತ್ತಿರುತ್ತದೆ. ಕಾರು ನಿಲ್ಲಿಸುವ ಜಾಗದ ಕಲ್ಲುಚಪ್ಪಡಿಯನ್ನು ಹಾರೆಯಿಂದ ಮೀಟಿ ಸರಿಸುತ್ತಾರೆ. ಟ್ಯಾಂಕರ್‌ನ ದಪ್ಪ ಪೈಪನ್ನು ಒಳಗೆ ಬಿಟ್ಟು ಮೋಟಾರು ಚಾಲೂ ಮಾಡಿದರೆ ಮೇಲಿನ ನೀರೆಲ್ಲ ಅರ್ಧ ಗಂಟೆಯೊಳಗೆ ಎಳೆದುಕೊಳ್ಳುತ್ತದೆ. ತಳದಲ್ಲಿ ಗಟ್ಟಿಯಾಗಿ ಕುಳಿತ ಹೂಳು, ಬಟ್ಟೆ ಚೂರು, ಡೈಪರ್‌ಗಳು ಪೈಪಿಗೆ ಬಗ್ಗುವುದಿಲ್ಲ. ನೀರು ಹೊಯ್ದು ಗಳದಿಂದ ಕಲಕಿ ಮತ್ತೆ ಎಳೆಯಬೇಕು, ಅಂದರೆ ಇನ್ನೊಂದು ಲೋಡು, ಇನ್ನೊಂದು ಲೋಡಿನ ಬಾಡಿಗೆ. ಆಗ ಮನೆಯ ಯಜಮಾನರು ಮೂಗಿಗೆ ಕರವಸ್ತ್ರ ಹಿಡಿದು, ದೂರದಿಂದಲೇ, ‘ಯಾರಾದ್ರೂ ಒಬ್ರು ಇಳಿದು ಬಳಿದುಬಿಡ್ರಪ್ಪ, ಮೇಲೆ ಏನಾದ್ರೂ ಕೊಡ್ತೀನಿ’ ಎನ್ನುತ್ತಾರೆ. ಅಪರಾಧ ನಡೆಯುವುದು ಆ ಮಾತಿನಲ್ಲಿ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಬೇಕೆಂಬುದು ನಿಯಮ. ಹತ್ತು ಹದಿನೈದು ವರ್ಷ ಮುಚ್ಚಳವನ್ನೇ ತೆರೆಯದೆ, ಶೌಚಾಲಯದ ನೀರು ಹೋಗದೆ ಕಟ್ಟಿಕೊಂಡ ದಿನ ಗಡಿಬಿಡಿಯಿಂದ ಫೋನು ಮಾಡುವವರು ನಾವು. ಹೂಳು ಕಲ್ಲಾಗುವವರೆಗೆ ಕಾದವರೂ ನಾವೇ.

ಒಳಗೆ ಕಾಯುತ್ತಿರುವುದು ಬರೀ ಹೊಲಸಲ್ಲ. ಕೊಳೆತ ಮಲದಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ಕಡಿಮೆಯಾಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ. ಮೇಲಿದ್ದ ಅಣ್ಣನೋ ಗೆಳೆಯನೋ ಅವನನ್ನು ಎತ್ತಲು ಹಾರಿ ಅಲ್ಲೇ ಉಳಿಯುತ್ತಾನೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಒಂದೇ ಮ್ಯಾನ್‌ಹೋಲ್‌ನಲ್ಲಿ ಮೂವರು ಪ್ರಾಣ ಬಿಟ್ಟರು. ಇಂಥ ಸುದ್ದಿಗಳಲ್ಲಿ ಮೃತರ ಸಂಖ್ಯೆ ಎರಡು, ಮೂರು ಎಂದೇ ಬರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹೀಗೆ ಇಳಿಯುವವರು ಬಹುಪಾಲು ಪರಿಶಿಷ್ಟ ಜಾತಿಗಳವರೇ ಆಗಿರುವುದು ಕಾಕತಾಳೀಯವೆಂದು ವಾದಿಸುವವರೂ ಇದ್ದಾರೆ. ಹಾಗೆ ವಾದಿಸುವವರ ಮನೆಯ ಕಾಂಪೌಂಡಿನ ಬಳಿ ಗುಂಡಿಗೆ ಇಳಿಯುವವರಿಗೆ ನೀರು ಕೊಡಲು ಬೇರೆ ಲೋಟ ಇರುತ್ತದೆ.

ಯಂತ್ರ ಎಲ್ಲ ಓಣಿಗಳಿಗೂ ಬಾರದು ಎಂಬುದು ಇನ್ನೊಂದು ಸಬೂಬು. ಕೇರಳದ ಎಂಜಿನಿಯರಿಂಗ್ ಪದವೀಧರರ ತಂಡವೊಂದು ರೂಪಿಸಿದ ‘ಬ್ಯಾಂಡಿಕೂಟ್’ ರೋಬೊ 2018ರಿಂದಲೇ ತಿರುವನಂತಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದು ಕೆಲಸ ಮಾಡುತ್ತಿದೆ. ಹೈದರಾಬಾದಿನಲ್ಲಿ ಇಕ್ಕಟ್ಟಾದ ಗಲ್ಲಿಗಳಿಗೆಂದೇ ರಭಸದಿಂದ ನೀರು ಚಿಮ್ಮಿಸಿ ಹೂಳು ಬಿಡಿಸುವ ಸಣ್ಣ ಜೆಟ್ಟಿಂಗ್ ಯಂತ್ರಗಳನ್ನು ತಂದಿದ್ದಾರೆ. ನೀರಿಗಾಗಿ ಸಾವಿರ ಅಡಿ ಕೊರೆಯುವ ಬೋರ್‌ವೆಲ್ ಲಾರಿ ಬಂದು ನಿಲ್ಲುವ ಬಡಾವಣೆಗೆ ಹತ್ತಡಿಯ ಗುಂಡಿ ಬಳಿಯುವ ಯಂತ್ರ ಬರಲಾರದು ಎಂದರೆ ನಂಬುವುದು ಹೇಗೆ?

ಪರಿಹಾರದ ಮೊತ್ತ ಏರಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ 2013ರ ಕಾಯ್ದೆಯ 7 ಮತ್ತು 9ನೇ ಸೆಕ್ಷನ್‌ಗಳು ಹೇಳುವುದನ್ನು ಸಾರ್ವಜನಿಕರು ಸರಿಯಾಗಿ ಅರಿತಂತೆ ಕಾಣುವುದಿಲ್ಲ. ಸುರಕ್ಷತಾ ಸಾಧನಗಳಿಲ್ಲದೆ ಒಬ್ಬನನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದೇ ಅಪರಾಧ, ಅವನು ಸಾಯಬೇಕಾಗಿಲ್ಲ. ಇಳಿಸಿದವರು ಸ್ಥಳೀಯ ಸಂಸ್ಥೆಯಾಗಲಿ, ಗುತ್ತಿಗೆದಾರನಾಗಲಿ, ಮನೆಯ ಮಾಲೀಕನಾಗಲಿ, ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆಮನೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹೀಗಿರುವಾಗ ಜೀವಂತವಾಗಿ ಮೇಲೆ ಬಂದು, ನಲ್ಲಿಯ ಕೆಳಗೆ ಮೈ ತೊಳೆದುಕೊಂಡು, ಕೊಟ್ಟಷ್ಟು ಹಣ ಪಡೆದು ಹೋದ ಪ್ರತಿಯೊಬ್ಬನ ವಿಷಯದಲ್ಲೂ ಒಂದೊಂದು ಪ್ರಕರಣ ದಾಖಲಾಗಬೇಕಿತ್ತು. ಒಬ್ಬ ಸತ್ತಾಗಲೂ ಪೊಲೀಸರು ಎಷ್ಟೋ ಸಲ ಅದನ್ನು ನಿರ್ಲಕ್ಷ್ಯದಿಂದಾದ ಸಾವು ಎಂದಷ್ಟೇ ಬರೆದುಕೊಳ್ಳುತ್ತಾರೆ. ನಿರ್ಲಕ್ಷ್ಯವೆಂದರೆ ಆಕಸ್ಮಿಕವಾಗಿ ಆದದ್ದು ಎಂಬ ಭಾವನೆ ಬರುತ್ತದೆ. ವಿಷಾನಿಲವಿರುವ ಗುಂಡಿಗೆ ಗೊತ್ತಿದ್ದೂ ಮನುಷ್ಯನನ್ನು ಇಳಿಸಿದ್ದು ಆಕಸ್ಮಿಕ ಹೇಗಾದೀತು?

ನಗರಸಭೆಗಳು ತಮ್ಮ ವ್ಯಾಪ್ತಿಯ ಸೆಪ್ಟಿಕ್ ಟ್ಯಾಂಕ್‌ಗಳ ಪಟ್ಟಿ ಮಾಡಿ, ಅವಧಿ ಮೀರಿದ ಮನೆಗಳಿಗೆ ನೋಟಿಸು ಕೊಟ್ಟು, ಸಕ್ಕಿಂಗ್ ಯಂತ್ರ ಕಳುಹಿಸಿ, ಆಸ್ತಿ ತೆರಿಗೆಯ ಜೊತೆಯಲ್ಲಿಯೇ ಶುಲ್ಕ ವಸೂಲು ಮಾಡಬಹುದು. ಅಪಾರ್ಟ್‌ಮೆಂಟ್‌ಗಳ ಮಾಲೀಕರ ಸಂಘಗಳು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನಿರ್ವಹಣೆಯ ಕರಾರಿನಲ್ಲಿ ಯಾರೂ ಒಳಗೆ ಇಳಿಯಕೂಡದೆಂಬ ಷರತ್ತು ಸೇರಿಸಬಹುದು. 14420 ಎಂಬ ಸಹಾಯವಾಣಿ ಈ ಕೆಲಸಕ್ಕಾಗಿಯೇ ಇದೆ; ಅದರ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರೋ!

ಕೊನೆಯದಾಗಿ ತಮ್ಮಲ್ಲಿಯೇ ಒಂದು ಕೋರಿಕೆ. ‘ಉಸಿರುಗಟ್ಟಿ ಇಬ್ಬರ ಸಾವು’ ಎಂದು ಒಳಪುಟದಲ್ಲಿ ಒಂದು ಕಾಲಂ ಸುದ್ದಿ ಬಂದ ಮೇಲೆ ಆ ವಿಷಯ ಓದುಗರ ಪಾಲಿಗೆ ಅಲ್ಲಿಗೆ ಮುಗಿದುಹೋಗುತ್ತದೆ. ಅಂಥ ಪ್ರತಿ ಸುದ್ದಿಯಲ್ಲೂ ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ, ಯಾರ ಮೇಲೆ ಪ್ರಕರಣ ದಾಖಲಾಗಿದೆ ಎಂಬುದನ್ನು ನಮೂದಿಸಿ, ಆರು ತಿಂಗಳ ನಂತರ ಆರೋಪಪಟ್ಟಿ ಸಲ್ಲಿಕೆಯಾಯಿತೇ, ಪರಿಹಾರದ ಹಣ ಕುಟುಂಬದ ಕೈಸೇರಿತೇ ಎಂದು ತಮ್ಮ ವರದಿಗಾರರಿಂದ ವಿಚಾರಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ, ತುಮಕೂರು